ಬಾಣ ತಿರುಗಿಸಿದ ಮೇಲೆ ಕಂಡ ಬಿಸಿ ಮರಳು: ಬೆಳಗಾವಿಯ ಒಂದು ಫೌಂಡ್ರಿಯ ಪ್ರಕರಣ ಅಧ್ಯಯನ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಎರಕದ ಕಾರ್ಖಾನೆಗಳು ಸಾಲುಸಾಲಾಗಿವೆ. ಬೆಳಗಾವಿಯಿಂದ ಹೆದ್ದಾರಿ ಹಿಡಿದರೆ ಕೊಲ್ಹಾಪುರ, ಪುಣೆ ಸಿಗುತ್ತವೆ. ಪಂಪು, ವಾಲ್ವು, ಟ್ರ್ಯಾಕ್ಟರು, ಹೈಡ್ರಾಲಿಕ್ ಯಂತ್ರಗಳಿಗೆ ಬೇಕಾದ ಕಬ್ಬಿಣದ ಎರಕ ಇಲ್ಲಿಂದ ಹೋಗುತ್ತದೆ. ಅಂಥದ್ದೊಂದು ಮಧ್ಯಮ ಗಾತ್ರದ ಫೌಂಡ್ರಿ ಕಾಗದದ ಪುಸ್ತಕ ಬಿಟ್ಟು ಕಂಪ್ಯೂಟರಿಗೆ ಬಂದ ಎರಡೂವರೆ ವರ್ಷದ ವಿವರ ಇದು. ಡಿಜಿಟಲ್ ಆದರೆ ಹೊಸತನ ತಾನಾಗಿ ಬರುತ್ತದೆ ಎಂದು ಸಾಫ್ಟ್‌ವೇರ್ ಮಾರಲು ಬಂದವರು ಹೇಳಿದ್ದರು. ಮೊದಲ ಎಂಟು ತಿಂಗಳು ಆದದ್ದು ತದ್ವಿರುದ್ಧ: ಅಲ್ಲಿಯವರೆಗೆ ಸದ್ದಿಲ್ಲದೆ ನಡೆಯುತ್ತಿದ್ದ ಸಣ್ಣಪುಟ್ಟ ಪ್ರಯೋಗಗಳೂ ನಿಂತವು. ಸಂಸ್ಥೆಯ ಗುರುತು ಸಿಗಬಾರದೆಂದು ಹೆಸರು ಬಿಟ್ಟಿದೆ, ಬಿಡಿಭಾಗಗಳ ಹೆಸರು ಬದಲಿಸಿದೆ, ಅಂಕಿಗಳನ್ನು ಸುತ್ತು ಸಂಖ್ಯೆಯಲ್ಲಿ ಕೊಟ್ಟಿದೆ.

ಹಿನ್ನೆಲೆ

ಎರಡು ಶಿಫ್ಟು, ಸುಮಾರು 120 ಜನ, ತಿಂಗಳಿಗೆ 250 ಟನ್ ಒಳ್ಳೆಯ ಎರಕ. ಒಂದೇ ಪವರ್ ಪ್ಯಾನಲ್ ಮೇಲೆ ನಡೆಯುವ ಎರಡು 750 ಕೆಜಿ ಇಂಡಕ್ಷನ್ ಕುಲುಮೆ. ಅಚ್ಚು ಕಟ್ಟಲು, ಬಾಕ್ಸ್ ಎಂಬ ಲೋಹದ ಚೌಕಟ್ಟಿನೊಳಗೆ ಮರಳು ಕುಟ್ಟಿ ಒತ್ತುವ ಎರಡು ಜೋಡಿ ಆರ್ಪಾ ಯಂತ್ರ. ಜೋಡಿಯಲ್ಲಿ ಒಂದು ಯಂತ್ರ ಬಾಕ್ಸಿನ ಮೇಲಿನ ಅರ್ಧ ಕಟ್ಟಿದರೆ ಇನ್ನೊಂದು ಕೆಳಗಿನ ಅರ್ಧ. ಒಂದೊಂದು ಜೋಡಿಯಿಂದ ಗಂಟೆಗೆ ಸುಮಾರು 35 ಬಾಕ್ಸ್. ಒಂದು ಬಾಕ್ಸಿಗೆ 110 ಕೆಜಿ ಮರಳು. ಮರಳು ಸಿದ್ಧವಾಗುವುದು ಒಂದೇ ಮಿಕ್ಸರಿನಲ್ಲಿ, ಬ್ಯಾಚಿಗೆ 500 ಕೆಜಿ.

ಇದು ಹಸಿಮರಳಿನ ಎರಕ. ಸಿಲಿಕಾ ಮರಳಿಗೆ ಬೆಂಟೊನೈಟ್ (ಮರಳನ್ನು ಹಿಡಿದಿಡುವ ಜೇಡಿಮಣ್ಣು), ಕಲ್ಲಿದ್ದಲ ಪುಡಿ, ನೀರು ಸೇರಿಸಿ, ಪ್ಯಾಟರ್ನ್ ಎಂಬ ಮಾದರಿಯ ಮೇಲೆ ಅಚ್ಚು ಕಟ್ಟುತ್ತಾರೆ. ಲೋಹ ಸುರಿದು ಆರಿದ ಮೇಲೆ ನಾಕೌಟಿನಲ್ಲಿ ಬಾಕ್ಸ್ ಒಡೆದು, ಅದೇ ಮರಳನ್ನು ಬೆಲ್ಟಿನ ಮೇಲೆ ವಾಪಸ್ ಮಿಕ್ಸರಿಗೆ ತರುತ್ತಾರೆ. ಮರಳು ದಿನಕ್ಕೆ ಹಲವು ಸುತ್ತು ಹಾಕುತ್ತದೆ. ಮುಂದಿನ ಎಲ್ಲ ರಗಳೆಗೂ ಈ ಸುತ್ತಾಟವೇ ಮೂಲ, ಆದ್ದರಿಂದ ಇದನ್ನು ನೆನಪಿಟ್ಟುಕೊಳ್ಳಬೇಕು.

ಕತೆಗೆ ಬೇಕಾದ ಎರಕಗಳು ಎರಡು. ಒಂದು ಹಗುರ ಬ್ರಾಕೆಟ್: ಬಾಕ್ಸಿಗೆ 14 ಕೆಜಿ ಲೋಹ, ಕೋರ್ (ಒಳಗೆ ಟೊಳ್ಳು ಬರಲು ಅಚ್ಚಿನಲ್ಲಿಡುವ ಮರಳಿನ ತುಂಡು) ಇಲ್ಲ, ಹನ್ನೆರಡು ವರ್ಷದಿಂದ ಹಾಕುತ್ತಿದ್ದ ಹಳೆಯ ಐಟಂ. ಇನ್ನೊಂದು ಇತ್ತೀಚೆಗೆ ಬಂದ ದಪ್ಪ ವಾಲ್ವ್ ಬಾಡಿ: ಬಾಕ್ಸಿಗೆ 27 ಕೆಜಿ.

ಸಮಸ್ಯೆ

ಒಟ್ಟು ರಿಜೆಕ್ಷನ್, ಅಂದರೆ ಕೆಟ್ಟು ತಳ್ಳಿಹೋಗುವ ಎರಕ, ಶೇ. 8.5ರ ಆಸುಪಾಸು. ಬ್ರಾಕೆಟ್ಟಿನದೊಂದೇ ನೋಡಿದರೆ ಶೇ. 13. ಬ್ಲೋಹೋಲ್ (ಅನಿಲ ಸಿಕ್ಕಿಕೊಂಡು ಎರಕದಲ್ಲಿ ಆಗುವ ತೂತು), ಮರಳು ಸೇರಿಕೊಳ್ಳುವುದು, ಅಚ್ಚಿನ ಅಂಚು ಉದುರುವುದು: ಮೂರೂ ದೋಷ ಮಿಶ್ರವಾಗಿ ಬರುತ್ತಿದ್ದವು. ವರ್ಷಗಟ್ಟಲೆ ಸರಿಯಾಗಿದ್ದ ಸುಲಭದ ಎರಕ ಒಂದೂವರೆ ವರ್ಷದಿಂದ ಯಾಕೆ ಕೆಡುತ್ತಿದೆ ಎಂಬುದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಇನ್‌ಗೇಟ್ (ಲೋಹ ಅಚ್ಚಿನೊಳಗೆ ಇಳಿಯುವ ಬಾಯಿ) ಎರಡು ಸಲ ಬದಲಾಗಿತ್ತು, ಪ್ಯಾಟರ್ನ್ ಪ್ಲೇಟ್ ಹೊಸದಾಗಿತ್ತು, ಬೆಂಟೊನೈಟ್ ಪೂರೈಸುವವರೂ ಬದಲಾಗಿದ್ದರು.

ಅಷ್ಟರಲ್ಲಿ ಪುಣೆಯ ಗ್ರಾಹಕರಿಂದ ಪತ್ರ ಬಂತು: ಯಾವುದೇ ಎರಕ ತೋರಿಸಿ ಕೇಳಿದರೆ ಅದು ಯಾವ ಹೀಟಿನದು (ಕುಲುಮೆಯಲ್ಲಿ ಯಾವ ಸಲ ಕರಗಿಸಿದ ಲೋಹದ್ದು), ಅಂದಿನ ಮರಳಿನ ಗುಣ ಏನಿತ್ತು ಎಂದು 24 ಗಂಟೆಯೊಳಗೆ ಹೇಳಬೇಕು. ಮಾಲೀಕರು, ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಎರಡನೇ ತಲೆಮಾರಿನವರು, ಇದೇ ಸಮಯ ಎಂದು ಇಡೀ ಕಾರ್ಖಾನೆಗೆ ಇಆರ್‌ಪಿ (ದಾಸ್ತಾನು, ಉತ್ಪಾದನೆ, ಲೆಕ್ಕ ಎಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್) ತಂದರು. ಆರು ಕಡೆ ಟ್ಯಾಬ್ಲೆಟ್ಟು, ಲೋಹದಲ್ಲಿ ಯಾವ ಅಂಶ ಎಷ್ಟಿದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರಿನಿಂದ ನೇರ ವರದಿ, ಕುಲುಮೆಗೆ ಎನರ್ಜಿ ಮೀಟರು, ಗೇಟಿನ ಎದುರು ದೊಡ್ಡ ಟಿವಿ. ಟಿವಿಯಲ್ಲಿ ಶಿಫ್ಟುವಾರು ಉತ್ಪಾದನೆ, ರಿಜೆಕ್ಷನ್. ಗುರಿ ಮೀರಿದರೆ ಕೆಂಪು.

ಲೆಕ್ಕಪತ್ರ ವಿಭಾಗಕ್ಕೆ ಲಾಭ ಮೊದಲ ತಿಂಗಳಿಂದಲೇ ಸಿಕ್ಕಿತು. ಸ್ಕ್ರಾಪು, ಪಿಗ್ ಐರನ್, ಫೆರೊಸಿಲಿಕಾನ್ ದಾಸ್ತಾನು ಸರಿಹೋಯಿತು, ಹೀಟಿನ ವೆಚ್ಚ ದಿನದ ದಿನ ತಿಳಿಯತೊಡಗಿತು. ಇದನ್ನು ಕಡಿಮೆ ಅಂದಾಜು ಮಾಡಬೇಕಿಲ್ಲ. ಆದರೆ ಬ್ರಾಕೆಟ್ಟಿನ ಶೇ. 13 ಅಲ್ಲಾಡಲಿಲ್ಲ.

ನಿಂತುಹೋದ ಪ್ರಯೋಗಗಳು

ಇಆರ್‌ಪಿಗೆ ಮೊದಲು ಪ್ರಯೋಗ ಹೀಗೆ ನಡೆಯುತ್ತಿತ್ತು. ಎರಕ ಹಾಕುವ ವಿಧಾನ ರೂಪಿಸುವ ಮೆಥಡ್ಸ್ ಎಂಜಿನಿಯರೂ ಪ್ಯಾಟರ್ನ್ ಮಿಸ್ತ್ರಿಯೂ ಚಹಾ ಹೊತ್ತಿಗೆ ಮಾತಾಡಿಕೊಂಡು ರೈಸರಿನ (ಎರಕ ಗಟ್ಟಿಯಾಗುವಾಗ ಅದಕ್ಕೆ ಲೋಹ ಒದಗಿಸುವ ಹೆಚ್ಚುವರಿ ಭಾಗ) ಕುತ್ತಿಗೆ 3 ಮಿಮೀ ದಪ್ಪ ಮಾಡೋಣ ಎಂದುಕೊಳ್ಳುತ್ತಾರೆ. ಮಿಸ್ತ್ರಿ ಮೆಟಲ್ ಪೇಸ್ಟ್ ಹಚ್ಚಿ ಉಜ್ಜುತ್ತಾನೆ. ಹತ್ತು ಬಾಕ್ಸ್ ಕಟ್ಟಿ, ಸೀಮೆಸುಣ್ಣದಿಂದ ಗುಣಿಸು ಗುರುತು ಹಾಕಿ, ಮರುದಿನ ಎರಕ ಒಡೆದು ನೋಡುತ್ತಾರೆ. ಸರಿಬಂದರೆ ಉಳಿಯುತ್ತದೆ, ಇಲ್ಲವಾದರೆ ಪೇಸ್ಟ್ ಕೆರೆದು ತೆಗೆಯುತ್ತಾರೆ. ಎಂಜಿನಿಯರರ ಡೈರಿಯ ಪ್ರಕಾರ ತಿಂಗಳಿಗೆ ಇಂಥವು ಒಂಬತ್ತು-ಹತ್ತು ನಡೆಯುತ್ತಿದ್ದವು.

ಹೊಸ ವ್ಯವಸ್ಥೆಯಲ್ಲಿ ಕಟ್ಟುವ ಪ್ರತಿ ಬಾಕ್ಸೂ ಒಂದು ಐಟಂ ಕೋಡಿಗೆ, ಒಂದು ಪ್ಲಾನಿಗೆ ಸೇರಬೇಕು. ರೈಸರ್ ಬದಲಾದರೆ ಸುರಿಯುವ ತೂಕ ಬದಲಾಗುತ್ತದೆ; ತೂಕ ಬದಲಾದರೆ ಹೊಸ ರಿವಿಜನ್; ಹೊಸ ರಿವಿಜನ್ನಿಗೆ ಮೂರು ಜನರ ಒಪ್ಪಿಗೆ. ಪ್ಲಾನಿನಲ್ಲಿಲ್ಲದ ಹತ್ತು ಬಾಕ್ಸ್ ಕಟ್ಟಿದರೆ ಟಿವಿಯಲ್ಲಿ ಕೆಂಪು. ಆ ಹತ್ತರಲ್ಲಿ ಆರು ಕೆಟ್ಟರೆ ಆ ಶಿಫ್ಟಿನ ಸುಪ್ರವೈಸರ್ ಲೆಕ್ಕಕ್ಕೆ ರಿಜೆಕ್ಷನ್. ಎರಡನೇ ಶಿಫ್ಟಿನ ಸುಪ್ರವೈಸರ್ ಎಂಜಿನಿಯರರಿಗೆ ಮುಖಕ್ಕೆ ಹೇಳಿದ್ದ: ‘ಟ್ರಯಲ್ ನಿಮ್ದು, ಕೆಂಪ ಬಣ್ಣ ನಮ್ದು. ನಮ್ಮ ಶಿಫ್ಟಿನ್ಯಾಗ ಬ್ಯಾಡ್ರಿ ಸಾಹೇಬ್ರ.’

ಆರನೇ ತಿಂಗಳ ಹೊತ್ತಿಗೆ ಪ್ರಯೋಗಗಳು ತಿಂಗಳಿಗೆ ಎರಡಕ್ಕೆ ಇಳಿದವು. ಎಷ್ಟು ಪ್ರಯೋಗ ನಡೆಯಿತು ಎಂಬ ಕಾಲಮ್ಮೇ ಯಾವ ವರದಿಯಲ್ಲೂ ಇರಲಿಲ್ಲ. ಹಾಗಾಗಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮಾಲೀಕರಿಗೆ ಇದು ಗೊತ್ತಾದದ್ದು ಎಂಜಿನಿಯರರು ರಾಜೀನಾಮೆ ಪತ್ರದ ಜೊತೆ ಆ ಡೈರಿಯನ್ನು ಮೇಜಿನ ಮೇಲಿಟ್ಟಾಗ. ರಾಜೀನಾಮೆ ವಾಪಸಾಯಿತು, ಡೈರಿ ಮಾಲೀಕರ ಬಳಿ ಉಳಿಯಿತು.

ನಮ್ಮಲ್ಲಿ ಇಆರ್‌ಪಿ ಹಾಕಿಸುವವರು ಸಾಮಾನ್ಯವಾಗಿ ಗಮನಿಸದ ಸಂಗತಿ ಇದು. ವ್ಯವಸ್ಥೆ ಕಟ್ಟುವಾಗ ಈಗ ನಡೆಯುತ್ತಿರುವ ಕೆಲಸದ ಪಟ್ಟಿ ಮಾಡುತ್ತಾರೆ. ಸೀಮೆಸುಣ್ಣದ ಗುರುತಿನಲ್ಲಿ ನಡೆಯುವ ಕೆಲಸ ಆ ಪಟ್ಟಿಗೆ ಬರುವುದಿಲ್ಲ. ಪಟ್ಟಿಗೆ ಬಾರದ್ದನ್ನು ಸಾಫ್ಟ್‌ವೇರ್ ಬೇಡ ಎನ್ನುವುದಿಲ್ಲ, ಆದರೆ ಅದಕ್ಕೆ ಜಾಗವನ್ನೂ ಬಿಡುವುದಿಲ್ಲ.

ಟಿಆರ್ ಕೋಡ್

ಮೊದಲ ದೊಡ್ಡ ನಿರ್ಧಾರ ಒಂಬತ್ತನೇ ತಿಂಗಳಲ್ಲಿ ಆಯಿತು. ಇಆರ್‌ಪಿಯಲ್ಲಿ ‘ಟಿಆರ್’ (ಟ್ರಯಲ್) ಎಂಬ ಪ್ರತ್ಯೇಕ ಜಾಬ್ ಕೋಡ್ ತೆರೆದರು. ಗರಿಷ್ಠ 20 ಬಾಕ್ಸ್. ತೆರೆಯುವ ಅಧಿಕಾರ ಎಂಜಿನಿಯರಿಗೆ ಮಾತ್ರವಲ್ಲ, ಸುಪ್ರವೈಸರಿಗೂ ಅಚ್ಚು ಕಟ್ಟುವ ಮೋಲ್ಡರಿಗೂ ಇತ್ತು. ಟ್ಯಾಬ್ಲೆಟ್ಟಿನಲ್ಲಿ ತುಂಬಬೇಕಾದ್ದು ಐದೇ ಸಾಲು: ಏನು ಬದಲಿಸುತ್ತೀರಿ, ಯಾಕೆ, ಎಷ್ಟು ಬಾಕ್ಸ್, ಒಡೆದಾಗ ಏನು ನೋಡಬೇಕು, ಯಾವತ್ತು ನೋಡುತ್ತೀರಿ. ಬರೆಯಲು ಬೇಸರವಾದರೆ ದನಿ ಮುದ್ರಿಸಿ ಹಾಕಬಹುದು. ಕನ್ನಡವೋ ಮರಾಠಿಯೋ, ಅವರವರ ಇಷ್ಟ. ಟಿಆರ್ ಎರಕ ಎಷ್ಟು ಕೆಟ್ಟರೂ ಶಿಫ್ಟಿನ ರಿಜೆಕ್ಷನ್ನಿಗೆ ಸೇರುವುದಿಲ್ಲ, ಡೆವಲಪ್‌ಮೆಂಟ್ ಖರ್ಚಿಗೆ ಹೋಗುತ್ತದೆ. ಬುಧವಾರ, ಶನಿವಾರ ಒಂದೊಂದು ಗಂಟೆ ಒಂದು ಜೋಡಿ ಯಂತ್ರ ಇದಕ್ಕೇ ಮೀಸಲು.

ಲೆಕ್ಕದವರು ತಕರಾರು ತೆಗೆದರು. ಉತ್ತರ ಅವರದೇ ಸಾಫ್ಟ್‌ವೇರಿನಲ್ಲಿತ್ತು. ಬ್ರಾಕೆಟ್ಟಿನ 20 ಬಾಕ್ಸ್ ಎಂದರೆ 280 ಕೆಜಿ ಲೋಹ. ಅಷ್ಟೂ ಕೆಟ್ಟರೂ ಲೋಹ ಮತ್ತೆ ಕುಲುಮೆಗೇ ಬರುತ್ತದೆ. ನಷ್ಟವಾಗುವುದು ಕರಗಿಸಿದ ವಿದ್ಯುತ್ತು, ಕೂಲಿ, ಅಷ್ಟಿಷ್ಟು ಬೆಂಟೊನೈಟು. ಟನ್ನಿಗೆ 600 ಯೂನಿಟ್ಟಿನಂತೆ ಹಿಡಿದರೆ ಸುಮಾರು 170 ಯೂನಿಟ್ ಕರೆಂಟು. ಶೇ. 13 ರಿಜೆಕ್ಷನ್ನಿನ ಬ್ರಾಕೆಟ್ಟು ಒಂದೇ ದಿನದಲ್ಲಿ ಇದಕ್ಕಿಂತ ಹೆಚ್ಚು ತಿನ್ನುತ್ತಿತ್ತು.

ಸುಳ್ಳು ದತ್ತಾಂಶ, ಮತ್ತು ಒಂದು ಸ್ಕ್ರೂ

ಜೊತೆಜೊತೆಗೇ ಇನ್ನೊಂದು ಸತ್ಯ ಹೊರಬಿತ್ತು. ಎಂಟು ತಿಂಗಳು ಸಂಗ್ರಹಿಸಿದ ದತ್ತಾಂಶದ ಬಹುಪಾಲು ಉಪಯೋಗಕ್ಕೆ ಬಾರದ್ದು.

ದೋಷದ ಕೋಡುಗಳು 42 ಇದ್ದವು, ಮೊದಲನೆಯದು ಬ್ಲೋಹೋಲ್. ಫೆಟ್ಲಿಂಗ್, ಅಂದರೆ ಎರಕ ಉಜ್ಜಿ ಸ್ವಚ್ಛ ಮಾಡುವ ಕಡೆಯ ಧೂಳಿನಲ್ಲಿ ಕೈಗವಸು ಹಾಕಿಕೊಂಡು ಪಟ್ಟಿ ಕೆಳಗೆ ಎಳೆಯುವ ತಾಳ್ಮೆ ಯಾರಿಗಿದೆ? ಮುಕ್ಕಾಲುಪಾಲು ದೋಷ ಬ್ಲೋಹೋಲ್ ಎಂದೇ ದಾಖಲಾಗಿತ್ತು. ಲೋಹ ಸುರಿದ ಸಮಯವನ್ನು ಶಿಫ್ಟಿನ ಕೊನೆಗೆ ಒಟ್ಟಿಗೆ ತುಂಬುತ್ತಿದ್ದರು. ಹದಿನಾಲ್ಕು ಹೀಟಿನ ನಮೂದು ಆರು ನಿಮಿಷದೊಳಗೆ ಆದದ್ದನ್ನು ಸರ್ವರ್ ಗಡಿಯಾರವೇ ತೋರಿಸಿತು. ಮರಳಿನ ಕಾಂಪ್ಯಾಕ್ಟಬಿಲಿಟಿ (ಒತ್ತಿದಾಗ ಶೇಕಡಾ ಎಷ್ಟು ಕುಗ್ಗುತ್ತದೆ ಎಂಬ ಅಳತೆ) ದಿನವಿಡೀ 40, 40, 41. ಹಸಿಮರಳು ಅಷ್ಟು ಶಿಸ್ತಿನ ವಸ್ತುವಲ್ಲ.

ಕೋಡುಗಳನ್ನು ಒಂಬತ್ತಕ್ಕೆ ಇಳಿಸಿ, ಒಂದೊಂದಕ್ಕೂ ತಮ್ಮದೇ ಕೆಟ್ಟ ಎರಕದ ಫೋಟೊ ಹಾಕಿದರು. ಫೋಟೊ ಒತ್ತಿದರೆ ಸಾಕು. ಕೋಡಿಗೆ ಪರಿಹಾರ ಸಿಕ್ಕಿತು. ಸಮಯದ ಸಮಸ್ಯೆ ಅಷ್ಟು ಸುಲಭವಿರಲಿಲ್ಲ. ಮರಳಿನ ಅಚ್ಚಿಗೆ ಕ್ಯೂಆರ್ ಸ್ಟಿಕರ್ ಅಂಟಿಸಲಾಗುವುದಿಲ್ಲ. 1400 ಡಿಗ್ರಿಯ ಲೋಹದ ಎದುರು ಯಾವ ಸ್ಟಿಕರೂ ಉಳಿಯುವುದಿಲ್ಲ. ಎರಕ ಕೈಗೆ ಸಿಗುವಷ್ಟರಲ್ಲಿ ಅದು ಯಾವ ಗಂಟೆಯ ಬಾಕ್ಸು ಎಂಬುದು ಅಳಿಸಿಹೋಗಿರುತ್ತದೆ.

ಇದಕ್ಕೆ ಹಳೆಯ ಕಾಲದ ಉಪಾಯವೊಂದಿದೆ. ಪ್ಯಾಟರ್ನಿನ ಮೈಯಲ್ಲಿ, ಮುಂದೆ ಮಶೀನಿಂಗ್ ಆಗದ ಜಾಗ ನೋಡಿ, ಒಂದು ಚಿಕ್ಕ ಉಕ್ಕಿನ ಡಯಲ್ ಕೂರಿಸುವುದು. ಸುತ್ತ ಅಂಕಿಗಳು, ನಡುವೆ ಬಾಣದ ಗುರುತಿನ ಸ್ಕ್ರೂ. ಗಂಟೆ ಬದಲಾದಾಗ ಮೋಲ್ಡರ್ ಸ್ಕ್ರೂಡ್ರೈವರಿನಿಂದ ಬಾಣವನ್ನು ಮುಂದಿನ ಅಂಕಿಗೆ ತಿರುಗಿಸುತ್ತಾನೆ. ಆ ಗಂಟೆಯ ಪ್ರತಿ ಎರಕದ ಮೈಮೇಲೂ ಬಾಣ ಮೂಡುತ್ತದೆ. ಇನ್ನೊಂದು ಡಯಲ್ಲಿನಲ್ಲಿ ತಾರೀಖು.

ಲಕ್ಷಾಂತರದ ಸಾಫ್ಟ್‌ವೇರಿಗೆ ಕಣ್ಣು ಬಂದದ್ದು ಈ ಸ್ಕ್ರೂವಿನಿಂದ. ಅದೂ ಒಂದೇ ದಿನಕ್ಕಲ್ಲ. ಅಗ್ಗದ ಡಯಲ್ಲುಗಳು ಯಂತ್ರದ ಕುಟ್ಟಿಗೆ ಸಡಿಲಾಗಿ ಬಾಣ ತಾನೇ ತಿರುಗಿತು. ಒಳಗೆ ಸ್ಪ್ರಿಂಗ್ ಇದ್ದವನ್ನು ತರಿಸಬೇಕಾಯಿತು. ಸ್ಕ್ರೂ ಗೀರಿನಲ್ಲಿ ಮರಳು ಕಚ್ಚಿಕೊಂಡಿತು. ಯಂತ್ರದ ಪಕ್ಕ ಸ್ಕ್ರೂಡ್ರೈವರ್ ಜೊತೆ ಒಂದು ಸೂಜಿಯನ್ನೂ ದಾರ ಕಟ್ಟಿ ತೂಗುಬಿಟ್ಟರು. ತಿರುಗಿಸಲು ಮರೆಯುವುದಂತೂ ದಿನಾ. ಗಂಟೆಗೊಮ್ಮೆ ಸೈರನ್ ಹಾಕಿದ ಮೇಲೆ ಹತ್ತರಲ್ಲಿ ಒಂಬತ್ತು ಸಲ ಸರಿಯಾಯಿತು. ಲೋಹ ಸುರಿಯುವವನಿಗೆ ಟ್ಯಾಬ್ಲೆಟ್ ಕಿತ್ತು, ಎರಡು ದಪ್ಪ ಬಟನ್ನಿನ ಪೆಟ್ಟಿಗೆ ಕೊಟ್ಟರು: ಲ್ಯಾಡಲ್ (ಲೋಹ ಸುರಿಯುವ ಪಾತ್ರೆ) ಶುರು, ಲ್ಯಾಡಲ್ ಮುಗಿಯಿತು. ಮಿಕ್ಸರನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿ ಪ್ರತಿ ಬ್ಯಾಚಿನ ಸಮಯವನ್ನು ತಾನೇ ಬರೆದಿಡುತ್ತಿತ್ತು. ಹೀಗೆ ಎರಕದ ಮೇಲಿನ ಬಾಣದಿಂದ ಗಂಟೆ, ಗಂಟೆಯಿಂದ ಮರಳಿನ ಬ್ಯಾಚು, ಅಲ್ಲಿಂದ ಹೀಟು ಕೂಡಿಕೊಂಡವು.

ಆರು ವಾರದ ನಂತರ ಗಂಟೆವಾರು ಲೆಕ್ಕ ಹಾಕಿದಾಗ ಬ್ರಾಕೆಟ್ಟು ಎರಡು ಬೇರೆ ಎರಕಗಳಂತೆ ಕಂಡಿತು. ಬೆಳಗಿನ ಮೊದಲ ಮೂರು ಗಂಟೆಯಲ್ಲಿ ಶೇ. 5, ಮಧ್ಯಾಹ್ನದ ನಂತರ ಶೇ. 18. ಮಾಲೀಕರ ಮೊದಲ ಮಾತು: ಊಟ ಆದಮೇಲೆ ಹುಡುಗರು ಜೋಲಿ ಹೊಡೆಯುತ್ತಾರೆ. ಶಿಫ್ಟ್ ಇನ್‌ಚಾರ್ಜ್ ಬೈಸಿಕೊಂಡರು, ಎರಡು ವಾರ ಮೇಲ್ವಿಚಾರಣೆ ಬಿಗಿಯಾಯಿತು, ಅಂಕಿ ಅಲ್ಲೇ ಇತ್ತು.

ಮರಳು ಲ್ಯಾಬಿನಲ್ಲಿದ್ದ ಡಿಪ್ಲೊಮಾ ಓದಿದ ಸಹಾಯಕಿ ಪ್ರಶ್ನೆಯನ್ನೇ ಬದಲಿಸಿದಳು. ಬ್ರಾಕೆಟ್ ಹಾಕಿದ ಗಂಟೆ ಬಿಟ್ಟು, ಅದಕ್ಕಿಂತ ಮುಂಚಿನ ಎರಡು ಗಂಟೆ ಲೈನಿನಲ್ಲಿ ಏನಿತ್ತು ಎಂದು ವಿಂಗಡಿಸಿದಳು. ಎರಡೂ ಜೋಡಿಯಲ್ಲಿ ವಾಲ್ವ್ ಬಾಡಿ ನಡೆದ ಬೆನ್ನಿಗೆ ಬ್ರಾಕೆಟ್ ಹಾಕಿದ್ದರೆ ಶೇ. 18ರಿಂದ 20. ಮಧ್ಯಾಹ್ನವೇ ಆದರೂ ಮುಂಚೆ ಹಗುರ ಐಟಂ ನಡೆದಿದ್ದರೆ ಶೇ. 6. ಜೋಲಿಯ ವಾದ ಅಲ್ಲಿಗೆ ಮುಗಿಯಿತು. ಬ್ರಾಕೆಟ್ಟು ತನ್ನ ತಪ್ಪಿಲ್ಲದೆ, ತನ್ನ ಮುಂದೆ ಹೋದವನ ಕರ್ಮ ಅನುಭವಿಸುತ್ತಿತ್ತು. ಐಟಂವಾರು ರಿಜೆಕ್ಷನ್ ವರದಿಯಲ್ಲಿ ಇದು ಎಂದಿಗೂ ಕಾಣುವಂಥದ್ದಲ್ಲ. ಆದರೆ ವಾಲ್ವ್ ಬಾಡಿ ಹಿಂದೆ ಏನು ಬಿಟ್ಟುಹೋಗುತ್ತಿದೆ ಎಂಬುದು ಇನ್ನೂ ತಿಳಿದಿರಲಿಲ್ಲ.

ಬಾಗಿದ ಪ್ಲಾಸ್ಟಿಕ್ಕು

ಉತ್ತರ ಬಂದದ್ದು ಸಂಬಂಧವೇ ಇಲ್ಲದ ಒಂದು ಟಿಆರ್ ಜಾಬಿನಿಂದ. ಇನ್‌ಗೇಟಿನ ಹೊಸ ಆಕಾರವನ್ನು ಅಲ್ಯೂಮಿನಿಯಂನಲ್ಲಿ ಮಾಡಿಸುವ ಮೊದಲು 3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನ ತುಂಡು ಮಾಡಿ, ಪ್ಲೇಟಿಗೆ ಸ್ಕ್ರೂ ಹಾಕಿ ಕೂರಿಸಿದ್ದರು. ಬುಧವಾರದ ಗಂಟೆಯಲ್ಲಿ ಚೆನ್ನಾಗಿ ನಡೆಯಿತು. ಶನಿವಾರ ಮಧ್ಯಾಹ್ನ ಎಂಟನೇ ಬಾಕ್ಸಿಗೇ ತುಂಡಿನ ಅಂಚು ಮೇಣದಂತೆ ಬಾಗಿತು. ಪ್ರಿಂಟರ್ ಸರಿಯಿಲ್ಲ ಎಂದು ಎಂಜಿನಿಯರರು ಗೊಣಗಿದಾಗ ಮೋಲ್ಡರ್ ಒಂದು ಮುಷ್ಟಿ ಮರಳು ಹಿಡಿದು ಅವರ ಕೈಗೇ ಹಾಕಿದ: ‘ಪ್ಲಾಸ್ಟಿಕ್ ಕೆಟ್ಟಿಲ್ರಿ ಸಾಹೇಬ್ರ. ಹಿಡೀರಿ ನೋಡೂಣು, ಮರಳ ಕೈ ಸುಡಾಕತ್ತೈತಿ.’

ಪಿಎಲ್‌ಎ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಯಂತ್ರದ ಮೇಲೆ ಮರಳು ತುಂಬಿಡುವ ಹಾಪರಿಗೆ ಥರ್ಮಾಮೀಟರ್ ಚುಚ್ಚಿದಾಗ 58 ಇತ್ತು. ಅಂದು ಬೆಳಗಿನಿಂದ ಎರಡೂ ಜೋಡಿಯಲ್ಲಿ ವಾಲ್ವ್ ಬಾಡಿ ನಡೆದಿತ್ತು.

ಬಿಸಿ ಮರಳು ಫೌಂಡ್ರಿಯವರಿಗೆ ಹೊಸ ವಿಷಯವಲ್ಲ. 50 ಡಿಗ್ರಿ ದಾಟಿದ ಮರಳು ನೀರು ಹಿಡಿದಿಡುವುದಿಲ್ಲ. ಮಿಕ್ಸರಿನಿಂದ ಯಂತ್ರಕ್ಕೆ ಬರುವಷ್ಟರಲ್ಲಿ ಒಣಗುತ್ತದೆ, ಅಂಚು ಉದುರುತ್ತದೆ. ಎದ್ದ ಹಬೆ ತಣ್ಣಗಿನ ಪ್ಯಾಟರ್ನಿನ ಮೇಲೆ ಬೆವರಾಗಿ ಕೂತು ಮರಳು ಅಂಟುತ್ತದೆ, ಬ್ಲೋಹೋಲಿಗೂ ದಾರಿಯಾಗುತ್ತದೆ. ಗೊತ್ತಿದ್ದೂ ಕಾಣದೆ ಹೋದದ್ದಕ್ಕೆ ಕಾರಣ ಸ್ಯಾಂಪಲ್ ತೆಗೆಯುವ ಜಾಗ. ಲ್ಯಾಬಿನವರು ಮಿಕ್ಸರ್ ಬಾಯಲ್ಲೇ ಮರಳು ತೆಗೆಯುತ್ತಿದ್ದರು: ತೇವಾಂಶ ಶೇ. 3.6, ಕಾಂಪ್ಯಾಕ್ಟಬಿಲಿಟಿ 41, ಎಲ್ಲ ಸರಿ. ಅದೇ ಬ್ಯಾಚನ್ನು ಇಪ್ಪತ್ತು ನಿಮಿಷದ ನಂತರ ಯಂತ್ರದ ಹಾಪರಿನಲ್ಲಿ ತೆಗೆದು ನೋಡಿದರೆ ಶೇ. 2.7 ಮತ್ತು 31.

ಮೂಲ ಕಾರಣ ಸರಳ ಗುಣಾಕಾರ. ಬ್ರಾಕೆಟ್ಟಿನ ಬಾಕ್ಸಿನಲ್ಲಿ 14 ಕೆಜಿ ಲೋಹಕ್ಕೆ 110 ಕೆಜಿ ಮರಳು, ಅಂದರೆ ಒಂದಕ್ಕೆ ಎಂಟರ ಹತ್ತಿರ. ವಾಲ್ವ್ ಬಾಡಿಯಲ್ಲಿ ಒಂದಕ್ಕೆ ನಾಲ್ಕು. ಅದೇ ಮರಳು ಇಮ್ಮಡಿ ಶಾಖ ಹೊತ್ತು ವಾಪಸ್ ಬರುತ್ತಿತ್ತು. ಬ್ರಾಕೆಟ್ ಕೆಡಲು ಶುರುವಾದ ಒಂದೂವರೆ ವರ್ಷ ಎಂದರೆ ವಾಲ್ವ್ ಬಾಡಿ ಆರ್ಡರ್ ಬಂದ ಒಂದೂವರೆ ವರ್ಷವೇ. ಕಾರ್ಖಾನೆಯಲ್ಲಿ ಎಲ್ಲರಿಗೂ ಎರಡೂ ಸಂಗತಿ ಬಿಡಿಬಿಡಿಯಾಗಿ ಗೊತ್ತಿತ್ತು.

ಏನು ಮಾಡಿದರು

ಮೊದಲ ಪರಿಹಾರಕ್ಕೆ ಖರ್ಚೇ ಇಲ್ಲ, ಪ್ಲಾನಿಂಗ್ ಮೇಜಿನಲ್ಲೇ ಸಿಕ್ಕಿತು. ಎರಡೂ ಜೋಡಿಗೆ ಒಟ್ಟಿಗೆ ವಾಲ್ವ್ ಬಾಡಿ ಕೊಡದೆ, ಒಂದರಲ್ಲಿ ದಪ್ಪ ಐಟಂ, ಇನ್ನೊಂದರಲ್ಲಿ ಹಗುರದ್ದು ನಡೆಸಿದರೆ ಸರಾಸರಿ ಒಂದಕ್ಕೆ ಐದೂವರೆಯ ಹತ್ತಿರ ಬರುತ್ತದೆ. ಪ್ರತಿ ಐಟಮಿನ ಬಾಕ್ಸ್ ತೂಕ ಇಆರ್‌ಪಿಯಲ್ಲಿ ಮೊದಲೇ ಇತ್ತು. ಗಂಟೆಯ ಪ್ಲಾನು ಒಂದಕ್ಕೆ ಐದಕ್ಕಿಂತ ಕೆಳಗಿಳಿದರೆ ಎಚ್ಚರಿಸುವ ಒಂದು ಸಾಲು ಸೇರಿಸಿದ್ದಷ್ಟೇ ಹೊಸದು. ಇದೊಂದರಿಂದಲೇ ಬ್ರಾಕೆಟ್ ಶೇ. 13ರಿಂದ 9ಕ್ಕೆ ಇಳಿಯಿತು.

ಎರಡನೆಯದು ವಾಪಸ್ ಬೆಲ್ಟಿನ ಮೇಲೆ ಮರಳನ್ನು ತಣಿಸುವುದು. ಸಿದ್ಧ ಸ್ಯಾಂಡ್ ಕೂಲರ್ ಸಿಗುತ್ತದೆ. ಬೆಲೆ ನೋಡಿ ಕೈಬಿಟ್ಟು, ಮೇಂಟೆನೆನ್ಸಿನವರು ತಾವೇ ಮಾಡಲು ನಿಂತರು. ಲೆಕ್ಕ ಹೀಗೆ: ಮರಳಿನ ತೂಕದ ಶೇ. 1ರಷ್ಟು ನೀರು ಆವಿಯಾದರೆ ಮರಳು ಸುಮಾರು 25 ಡಿಗ್ರಿ ಇಳಿಯುತ್ತದೆ. ಬೆಲ್ಟಿನ ಮೇಲೆ 73 ಡಿಗ್ರಿಯ ಮರಳು, ಗಂಟೆಗೆ 7.7 ಟನ್. ಅದನ್ನು 45ಕ್ಕೆ ತರಲು ಗಂಟೆಗೆ 85 ಲೀಟರ್ ನೀರು ಆವಿಯಾಗಬೇಕು. ಎರಡು ನಾಝಲ್, ಒಂದು ಸೊಲೆನಾಯ್ಡ್ ವಾಲ್ವ್, ತಾಪಮಾನ ನೋಡಿ ತೆರೆದು ಮುಚ್ಚುವ ಕಂಟ್ರೋಲರ್.

ಕಾಗದದ ಮೇಲೆ ಒಂದು ದಿನದ ಕೆಲಸ. ನಡೆಸಲು ಹಿಡಿದದ್ದು ಮೂರು ತಿಂಗಳು, ಹನ್ನೊಂದು ಟಿಆರ್ ಜಾಬು. ಬರಿ ನೀರು ಚಿಮುಕಿಸಿದಾಗ ಮೇಲಿನ ಪದರ ಕೆಸರಾಯಿತು, ಒಳಗೆ ಬಿಸಿ ಹಾಗೇ ಉಳಿಯಿತು. ಆವಿಯಾಗಲು ಮರಳು ಮಗುಚಬೇಕು, ಗಾಳಿ ತಾಗಬೇಕು. ಹಳೆಯ ಪಟ್ಟಿ ಕಬ್ಬಿಣದಿಂದ ನೇಗಿಲಿನಂಥ ಮೂರು ಮಗುಚುಪಟ್ಟಿ ಮಾಡಿ ಬೆಲ್ಟಿನ ಮೇಲೆ ಇಳಿಬಿಟ್ಟರು, ಮೂಲೆಯಲ್ಲಿ ಬಿದ್ದಿದ್ದ ಬ್ಲೋವರಿಗೆ ಹುಡ್ ಕಟ್ಟಿ ಹಬೆ ಎಳೆಸಿದರು. ಬ್ಲೋವರ್ ಹಬೆಯ ಜೊತೆ ಸಣ್ಣ ಪುಡಿಯನ್ನೂ ಎಳೆಯಿತು. ಎರಡು ವಾರದಲ್ಲಿ ಸಕ್ರಿಯ ಬೆಂಟೊನೈಟ್ ಶೇ. 8.2ರಿಂದ 7.4ಕ್ಕೆ ಬಿತ್ತು. ಡ್ಯಾಂಪರ್ ಅರ್ಧ ಮುಚ್ಚಿ, ಬೆಂಟೊನೈಟ್ ಸ್ವಲ್ಪ ಏರಿಸಬೇಕಾಯಿತು.

ಇನ್ಫ್ರಾರೆಡ್ ಸೆನ್ಸರ್ ಹಬೆಯನ್ನೇ ಅಳೆದು 15 ಡಿಗ್ರಿ ಕಡಿಮೆ ತೋರಿಸಿತು. ಅದನ್ನು ಕಿತ್ತು, ಉಕ್ಕಿನ ಕಾಲಿನೊಳಗೆ ಥರ್ಮೊಕಪಲ್ ಕೂರಿಸಿ ಮರಳಿನೊಳಗೆ ಎಳೆಯುವಂತೆ ಮಾಡಿದರು. ಕಾಲು ಸವೆಯುತ್ತದೆ, ಎರಡು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಬೋರ್‌ವೆಲ್ ನೀರಿನ ಸುಣ್ಣ ನಾಝಲ್ ಕಟ್ಟಿಸಿತು. ಒಂದು ರಾತ್ರಿ ಬೆಲ್ಟ್ ನಿಂತಿದ್ದರೂ ವಾಲ್ವ್ ತೆರೆದೇ ಇದ್ದು, ಹಾಪರ್ ತುಂಬ ಮರಳು ಗಾರೆಯಂತೆ ಕಚ್ಚಿಕೊಂಡಿತು. ಬೆಳಗಿನ ಶಿಫ್ಟು ಹಾರೆ ಹಿಡಿದು ನಾಲ್ಕು ಗಂಟೆ ಕೆಡವಿತು. ಮರುದಿನವೇ ಬೆಲ್ಟ್ ಮೋಟಾರಿನ ಕಾಂಟ್ಯಾಕ್ಟರಿಗೆ ವಾಲ್ವನ್ನು ಇಂಟರ್‌ಲಾಕ್ ಮಾಡಿದರು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಕೊನೆಯ ತೊಡಕು ಯಂತ್ರದ್ದಲ್ಲ, ಅಭ್ಯಾಸದ್ದು. ಮರಳು ಈಗ ಶೇ. 1.8 ತೇವ ಹೊತ್ತೇ ಮಿಕ್ಸರಿಗೆ ಬರುತ್ತಿತ್ತು. ಮಿಕ್ಸರ್ ಆಪರೇಟರ್ ಮಾತ್ರ ಎಂದಿನಷ್ಟೇ ನೀರು ಹಾಕುತ್ತಿದ್ದ. ಒಂದು ವಾರ ಬ್ಲೋಹೋಲ್ ಏರಿತು. ಕೂಲಿಂಗನ್ನೇ ಕಿತ್ತುಹಾಕಿ ಎಂಬ ಕೂಗೂ ಎದ್ದಿತು. ಬ್ಯಾಚಿಗೆ ಇಷ್ಟು ಲೀಟರ್ ಎಂಬ ಗುರಿ ತೆಗೆದು, ಹಾಪರಿನ ಬಳಿ ಕಾಂಪ್ಯಾಕ್ಟಬಿಲಿಟಿ 38ರಿಂದ 42 ಬರಬೇಕು ಎಂಬ ಗುರಿ ಇಟ್ಟ ಮೇಲೆ ಸರಿಹೋಯಿತು. ಸ್ಯಾಂಪಲ್ ತೆಗೆಯುವ ಜಾಗವೂ ಆಗಲೇ ಅಧಿಕೃತವಾಗಿ ಬದಲಾಯಿತು.

ಫಲಿತಾಂಶ

ಹಾಪರಿನ ಮರಳು ಈಗ 46ರಿಂದ 48 ಡಿಗ್ರಿ. ಬ್ರಾಕೆಟ್ಟಿನ ರಿಜೆಕ್ಷನ್ ಶೇ. 5ಕ್ಕೆ, ಒಟ್ಟು ಶೇ. 5.8ಕ್ಕೆ ಬಂದಿದೆ. ದಪ್ಪ ಎರಕಗಳ ಶ್ರಿಂಕೇಜ್ (ಲೋಹ ಗಟ್ಟಿಯಾಗುವಾಗ ಕುಗ್ಗಿ ಬೀಳುವ ಗುಳಿ) ಇದ್ದಲ್ಲೇ ಇದೆ. ಅದು ರೈಸರ್, ಸುರಿಯುವ ತಾಪ, ಲೋಹದ ಗುಣಕ್ಕೆ ಸೇರಿದ್ದು, ಮರಳು ತಣಿಸಿದರೆ ಹೋಗುವಂಥದ್ದಲ್ಲ.

ಟಿಆರ್ ಜಾಬುಗಳು ತಿಂಗಳಿಗೆ ಹದಿನಾಲ್ಕರ ಆಸುಪಾಸಿನಲ್ಲಿವೆ. ಅವುಗಳಲ್ಲಿ ಮೂರರಲ್ಲಿ ಒಂದು ಮೋಲ್ಡರುಗಳು, ಸುಪ್ರವೈಸರುಗಳು ತೆರೆದದ್ದು. ಹೆಚ್ಚಿನವು ಸೋಲುತ್ತವೆ. ಗೆದ್ದವುಗಳಲ್ಲಿ ಒಂದು ಎಸ್‌ಜಿ ಐರನ್ನಿಗೆ (ಮೆಗ್ನೀಸಿಯಂ ಸೇರಿಸಿ ಮಾಡುವ, ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ) ಸಂಬಂಧಿಸಿದ್ದು: ಮೆಗ್ನೀಸಿಯಂ ಹಾಕಿದ ಲೋಹವನ್ನು ಹತ್ತು ನಿಮಿಷದೊಳಗೆ ಸುರಿದು ಮುಗಿಸದಿದ್ದರೆ ಅದರ ಪರಿಣಾಮ ಇಳಿಯುತ್ತದೆ. ಬಟನ್ ಪೆಟ್ಟಿಗೆಯ ಸಮಯ ನೋಡಿದರೆ ಕೊನೆಯ ಬಾಕ್ಸಿಗೆ ಹನ್ನೆರಡು ನಿಮಿಷವಾಗುತ್ತಿತ್ತು. ಲ್ಯಾಡಲ್ಲನ್ನು 350 ಕೆಜಿಯಿಂದ 250ಕ್ಕೆ ಇಳಿಸೋಣ ಎಂದದ್ದು ಸುರಿಯುವ ಗುಂಪಿನವರೇ.

ಹೊಸ ಐಟಂ ತಯಾರಿಯ ಕಾಲವೂ ಏಳು ವಾರದಿಂದ ನಾಲ್ಕೂವರೆಗೆ ಬಂದಿದೆ. ಲೋಹ ಹೇಗೆ ಗಟ್ಟಿಯಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ತೋರಿಸುವ ಸಾಲಿಡಿಫಿಕೇಶನ್ ಸಿಮ್ಯುಲೇಶನ್ ಮೊದಲೇ ಕೊಂಡಿದ್ದರು. ಐಐಟಿ ಬಾಂಬೆಯ ಇ-ಫೌಂಡ್ರಿಯಂಥ ಆನ್‌ಲೈನ್ ಕಲಿಕೆಯ ನೆರವಿನಿಂದ ಎಂಜಿನಿಯರರಿಗೆ ಕೈ ಕುದುರಿತ್ತು. ಆದರೆ ಸಿಮ್ಯುಲೇಶನ್ ಹೇಳಿದ್ದನ್ನು ಎರಡೇ ದಿನದಲ್ಲಿ ಹತ್ತು ಬಾಕ್ಸ್ ಹಾಕಿ ಪರೀಕ್ಷಿಸಲು ಟಿಆರ್ ಕೋಡು, ಪ್ರಿಂಟರು ಎರಡೂ ಬೇಕಾದವು. ಪ್ರಿಂಟರಿನ ತುಂಡುಗಳನ್ನು ಈಗ ಎಬಿಎಸ್ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಅದು 100 ಡಿಗ್ರಿ ಹತ್ತಿರದವರೆಗೂ ತಡೆಯುತ್ತದೆ.

ಫಲಿಸದ್ದೂ ಇದೆ. ಮರಳಿನ ಗುಣ ನೋಡಿ ರಿಜೆಕ್ಷನ್ ಮುಂಚಿತವಾಗಿ ಹೇಳುವ ಎಐ ಮಾಡ್ಯೂಲನ್ನು ನಾಲ್ಕು ತಿಂಗಳು ಬಾಡಿಗೆಗೆ ಪಡೆದು ನಿಲ್ಲಿಸಿದರು. ಅದಕ್ಕೆ ಕಲಿಸಲು ಕೊಟ್ಟದ್ದು ಡಯಲ್ ಬರುವ ಮುಂಚಿನ ದತ್ತಾಂಶ: ದಿನವಿಡೀ 40, 40, 41, ಎಲ್ಲವೂ ಬ್ಲೋಹೋಲ್. ಕಲಿಯಲು ಅದರಲ್ಲಿ ಏನೂ ಇರಲಿಲ್ಲ.

ಬೇರೆ ಫೌಂಡ್ರಿಯವರು ಇದರಿಂದ ತೆಗೆದುಕೊಳ್ಳಬಹುದಾದದ್ದು ಕೂಲಿಂಗಿನ ಚಿತ್ರಕ್ಕಿಂತ ಕೆಲಸದ ಕ್ರಮ. ಇಆರ್‌ಪಿ ಚಾಲೂ ಮಾಡುವ ಮುಂಚೆಯೇ ಪ್ರಯೋಗಕ್ಕೆ ಕೋಡ್ ಇಡಿ, ಅದರ ನಷ್ಟ ಯಾರ ಲೆಕ್ಕಕ್ಕೆ ಎಂದು ಮೊದಲೇ ಬರೆದುಕೊಳ್ಳಿ. ಇಲ್ಲಿ ಎಂಟು ತಿಂಗಳು ಹೋದದ್ದು ಅದಿಲ್ಲದೆ. ಟ್ಯಾಬ್ಲೆಟ್ ಕೊಳ್ಳುವ ಮುಂಚೆ ಎರಕದ ಮೈಮೇಲೆ ಸಮಯ ಮೂಡಿಸುವ ದಾರಿ ಹುಡುಕಿ. ಟಿವಿಯಲ್ಲಿ ಜನರ ಹೆಸರಿನ ಮುಂದೆ ಕೆಂಪು ಹಾಕಿದರೆ ಮೊದಲು ಕೆಡುವುದು ದತ್ತಾಂಶ. ಈ ಫೌಂಡ್ರಿ ಕೊನೆಗೂ ಟಿವಿಯಿಂದ ಶಿಫ್ಟಿನ ಹೆಸರು ತೆಗೆದು ಗಂಟೆಯ ಗ್ರಾಫ್ ಹಾಕಿತು; ಅದರ ಕೆಳಗೆ ಹಾಪರಿನ ಮರಳಿನ ತಾಪ, ಬದಿಯಲ್ಲಿ ಆ ವಾರದ ಟಿಆರ್ ಜಾಬುಗಳ ಪಟ್ಟಿ.

ಬಾಣ ತಿರುಗಿಸಲು ಮರೆಯುವುದು ಇನ್ನೂ ಪೂರ್ತಿ ನಿಂತಿಲ್ಲ. ವಾರಕ್ಕೆ ಹತ್ತು-ಹನ್ನೆರಡು ಗಂಟೆ ತಪ್ಪುತ್ತದೆ, ಹೆಚ್ಚಾಗಿ ರಾತ್ರಿ ಊಟದ ನಂತರ. ಮೊದಲು ಅಂಥ ಎರಕಗಳಿಗೆ ಅಂದಾಜಿನ ಗಂಟೆ ತುಂಬುತ್ತಿದ್ದರು. ಈಗ ಟ್ಯಾಬ್ಲೆಟ್ಟಿನಲ್ಲಿ ‘ಗೊತ್ತಿಲ್ಲ’ ಎಂಬ ಬೂದು ಬಣ್ಣದ ಬಟನ್ ಇದೆ, ಅದನ್ನೇ ಒತ್ತುತ್ತಾರೆ.